ತೋರಿಸೋಕಲ್ಲ, ನೋಡೋಕೆ

ದಾವಣಗೆರೆಯಲ್ಲಿ ಆಸ್ಪತ್ರೆಗೆ ಹೋಗುವವರಲ್ಲಿ ಎರಡೇ ಜಾತಿ. ತೋರಿಸೋಕೆ ಹೋಗುವವರು, ನೋಡೋಕೆ ಹೋಗುವವರು. ತೋರಿಸೋಕೆ ಹೋದವನು ಚಪ್ಪಲಿ ಹೊರಗೆ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತು, ತನ್ನ ಹೆಸರನ್ನು ಯಾರಾದರೂ ತಪ್ಪಾಗಿ ಕೂಗುವವರೆಗೆ ಕಾಯಬೇಕು. ನೋಡೋಕೆ ಹೋದವನಿಗೆ ಕುರ್ಚಿ ಸಿಗುತ್ತದೆ. ಏನನ್ನು ನೋಡೋಕೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಉಜ್ಜನಪ್ಪ ಮೊದಲನೇ ಜಾತಿಯ ಮನುಷ್ಯ. ಒಂದು ಸೋಮವಾರ ಬೆಳಿಗ್ಗೆ ಬಾಯಿತಪ್ಪಿ ಎರಡನೇ ಜಾತಿಗೆ ಸೇರಿಕೊಂಡ. ಹಿಂದಿರುಗಿ ಬರಲು ಅವನಿಗೆ ಎರಡು ತಿಂಗಳು ಬೇಕಾಯಿತು. ಬರುವ ಹೊತ್ತಿಗೆ ಅವನ ಹೆಸರೂ ಉಳಿದಿರಲಿಲ್ಲ.

ಅವನು ಊರಿನ ಒಂದು ಬಟ್ಟೆ ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದವನು. ಇಪ್ಪತ್ತೆಂಟು ವರ್ಷ ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಸೈರನ್ ನಿಂತ ಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಲೇಟ್' ಎಂದು ಬರೆಯುವುದು ಅವನ ಕೆಲಸ. ಅದನ್ನು ಅವನು ಪೂಜೆಯಂತೆ ಮಾಡಿದ. ಆಮೇಲೆ ಮಿಲ್ಲು ಮುಚ್ಚಿತು. ಸೈರನ್ನೇ ಇಲ್ಲದ ಮೇಲೆ ಎಲ್ಲರೂ ಒಟ್ಟಿಗೇ ಲೇಟಾದರು, ಬರೆಯುವವನು ಬೇಕಾಗಲಿಲ್ಲ. ಮಿಲ್ಲಿನ ಜೊತೆ ಮಿಲ್ಲಿನ ದವಾಖಾನೆಯೂ ಮುಚ್ಚಿತು. ಉಜ್ಜನಪ್ಪನ ಬಿ.ಪಿ. ಮಾತ್ರ ಎಂದಿನಂತೆ ಡ್ಯೂಟಿಗೆ ಬರುತ್ತಿತ್ತು.

"ಗುಳಿಗೆ ಮುಗಿದು ಹನ್ನೊಂದು ದಿನ ಆತು," ಎಂದಳು ಹೆಂಡತಿ ಶಕುಂತಲಮ್ಮ. "ಆವರಗೆರೆಗೆ ಹೋಗಿ ನಿಮ್ಮಣ್ಣನ್ನ ಒಂದ್ಸಲ ನೋಡ್ಕಂಡ್ ಬರ್ರಿ. ಅವ್ರೂ ಹಿಂಗೇ ನಾಳೆ ನಾಡಿದ್ದು ಅಂತಿದ್ರು."

ಅಣ್ಣ ಕರಿಬಸವರಾಜನಿಗೆ ಲಕ್ವ ಹೊಡೆದು ನಾಲ್ಕು ವರ್ಷವಾಗಿತ್ತು. ಎಡಗಡೆ ಕುಡಿಸಿದ ನೀರು ಬಲಗಡೆಯಿಂದ ಸೋರುತ್ತಿತ್ತು. ಅದೇ ರಕ್ತ, ಅದೇ ಬಿ.ಪಿ.

"ಮಂಡಕ್ಕಿ ಭಟ್ಟಿ ಹಿಂದೆ ಟ್ರಸ್ಟಿನೋರ ಕ್ಲಿನಿಕ್ ಐತಲ್ಲ, ಅಲ್ಲಿ ಪುಗಸಟ್ಟೆ ಕೊಡ್ತಾರಂತೆ," ಎಂದಳು ಮತ್ತೆ.

"ಅದು ಬಡವರ್ದು."

"ನಾವು ಯಾರ್ದು?"

ಉಜ್ಜನಪ್ಪ ಇಸ್ತ್ರಿ ಮಾಡಿದ ಜುಬ್ಬ ಎಲ್ಲಿದೆ ಎಂದು ಕೇಳಿದ.

ಕ್ಲಿನಿಕ್ಕು ಹಳೆಯ ರೇಷನ್ ಡಿಪೋದಲ್ಲಿತ್ತು. ಗೋಡೆಗೆ ಸುಣ್ಣ ಬಳಿದಿದ್ದರೂ 'ಸಕ್ಕರೆ ಬಂದಿಲ್ಲ' ಎಂಬ ಹಳೆಯ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಅದರ ಕೆಳಗೇ ಸಕ್ಕರೆ ಕಾಯಿಲೆಯವರ ಬೆಂಚು. ಮಂಡಕ್ಕಿ ಹುರಿಯುವ ಭಟ್ಟಿಗಳ ಹೊಗೆ ಕಿಟಕಿಯಿಂದ ಬಂದು ಬಾಗಿಲಿನಿಂದ ಹೋಗುತ್ತಿತ್ತು, ಹೋಗುವಾಗ ಎಲ್ಲರನ್ನೂ ಒಮ್ಮೆ ಕೆಮ್ಮಿಸುತ್ತಿತ್ತು. ಚೀಟಿ ಬರೆಯುವ ಸುಧಾ ಬೆಳಿಗ್ಗೆಯಿಂದ ಅರವತ್ತು ಹೆಸರು ಬರೆದು ಸೋತಿದ್ದಳು. ಒಳಗೆ ಡಾಕ್ಟರ್ ದಿನೇಶ್, ಇಪ್ಪತ್ತಾರರ ಹುಡುಗ, ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆಯುವ ಶಕ್ತಿಯೂ ಇಲ್ಲದೆ ಹಾಗೇ ಚಹಾ ಕುಡಿಯುತ್ತಿದ್ದ.

ಇದರ ಜೊತೆಗೆ ಇನ್ನೊಂದು ಸಂಗತಿ ಹೇಳಬೇಕು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಯಲ್ಲಿ ದಿನವೂ ಯಾರಾದರೊಬ್ಬರು ಏನನ್ನಾದರೂ ನೋಡಲು ಬರುತ್ತಿದ್ದರು. ಕ್ಲಿನಿಕ್ಕಿಗೆ ನೆರವು ಕೊಡುವ ಬೆಂಗಳೂರಿನ ಸಂಸ್ಥೆಯಿಂದಲೂ ವೀಕ್ಷಕರೊಬ್ಬರು ಆ ವಾರ ಬರುವವರಿದ್ದರು. ಹೇಗಿರುತ್ತಾರೆಂದು ಸುಧಾ ಕೇಳಿದ್ದಕ್ಕೆ ಟ್ರಸ್ಟಿನ ಕಾರ್ಯದರ್ಶಿ, "ನೋಡಿದ ಕೂಡ್ಲೆ ಗೊತ್ತಾಗ್ತೈತೆ," ಎಂದಿದ್ದ.

ಉಜ್ಜನಪ್ಪ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದ. ಬೆಂಚಿನಿಂದ ಒಂದು ದನಿ ಬಂತು.

"ಅಯ್ಯ, ಟೈಮ್‌ಕೀಪರ್ ಸಾಹೇಬ್ರು! ನೀವೂ ಬಂದ್ರಾ ನಮ್ ಬೆಂಚಿಗೆ? ಬರ್ರಿ, ಕೂಡ್ರಿ, ಜಾಗ ಐತೆ."

ಕೊಟ್ರವ್ವ. ಮಿಲ್ಲಿನಲ್ಲಿ ನೂಲು ಸುತ್ತುವ ವೈಂಡಿಂಗ್ ಖಾತೆಯ ಬಂಗಾರಪ್ಪನ ಹೆಂಡತಿ. ಈಗ ಮಂಡಕ್ಕಿ ಮಾರುತ್ತಿದ್ದಳು.

"ನನ್ ಗಂಡನ್ನ ನೆನಪೈತೇನ್ರಿ? ಇಪ್ಪತ್ತು ವರ್ಷ ಅವ್ನ ಹೆಸರಿನ ಮುಂದೆ ಲೇಟ್ ಲೇಟ್ ಅಂತ ಬರೆದ್ರಿ. ಹೋದ್ವರ್ಷ ಖರೇನ ಲೇಟ್ ಬಂಗಾರಪ್ಪ ಆಗಿಬಿಟ್ಟ. ಏನ್ ತೋರ್ಸಾಕೆ ಬಂದ್ರಿ? ಬಿ.ಪಿ.ನಾ, ಶುಗರ್ರಾ?"

ಬೆಂಚಿನ ಮೇಲಿದ್ದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಮಿಲ್ಲಿನವರು. ಒಂಬತ್ತು ಜನರೂ ತಿರುಗಿ ನೋಡಿದರು. ಉಜ್ಜನಪ್ಪ ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡ.

"ಏ, ತೋರ್ಸಾಕಲ್ಲವ್ವ," ಎಂದ. "ಹಂಗೇ ನೋಡ್ಕಂಡ್ ಹೋಗಾಣ ಅಂತ ಬಂದೆ."

ಬೆಂಚಿನ ಗದ್ದಲದಲ್ಲಿ ಸುಧಾಳಿಗೆ ಕೇಳಿಸಿದ್ದು ಈ ಕೊನೆಯ ಮಾತು ಮಾತ್ರ. ಅವಳ ಪೆನ್ನು ನಿಂತಿತು. ಅವಳು ಜುಬ್ಬ ನೋಡಿದಳು, ಜೇಬಿನ ಪೆನ್ನು ನೋಡಿದಳು, ಕಾಲಿನ ಚಪ್ಪಲಿ ನೋಡಿದಳು. ನೋಡಿದ ಕೂಡಲೆ ಗೊತ್ತಾಯಿತು. ಎದ್ದು ನಿಂತು ತಾನು ಕೂತಿದ್ದ ಕುರ್ಚಿಯನ್ನೇ ಸೆರಗಿನಿಂದ ಒರೆಸಿ ಮುಂದಿಟ್ಟಳು.

"ಬರ್ರಿ ಸಾರ್. ಶುಕ್ರವಾರ ಬರ್ತೀರಿ ಅಂದಿದ್ರು."

ಇಲ್ಲವ್ವ, ನಾನು ಬೇರೆ, ಎಂದು ಹೇಳಲು ಸಾಕಷ್ಟು ಸಮಯವಿತ್ತು. ಆದರೆ ಕೊಟ್ರವ್ವ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಉಜ್ಜನಪ್ಪ ಕೂತ.

ಒಳಗೆ ದಿನೇಶ್ ಚಹಾದ ಲೋಟವನ್ನು ಮೇಜಿನ ಕೆಳಗೆ ಬಚ್ಚಿಟ್ಟು ಒಂದೊಂದೇ ವಸ್ತು ತೋರಿಸಿದ. ಇದು ತೂಕದ ಮಷೀನು, ಇದು ಹತ್ತಿ, ಇದು ಬಿ.ಪಿ. ನೋಡೋದು. ಕೊಟ್ರವ್ವನನ್ನು ಕರೆಸಿ ಅವಳ ತೋಳಿಗೆ ಪಟ್ಟಿ ಕಟ್ಟಿ, ಪಾದರಸ ಏರಿಸಿ ಇಳಿಸಿ ತೋರಿಸಿದ. ನೂರಾ ಐವತ್ತು, ತೊಂಬತ್ತು. ಉಜ್ಜನಪ್ಪ ಆ ಪಟ್ಟಿಯನ್ನೇ ನೋಡುತ್ತಿದ್ದ. ಹನ್ನೊಂದು ದಿನದಿಂದ ಅವನಿಗೆ ಬೇಕಾಗಿದ್ದುದು ಅದೇ. ಜುಬ್ಬದ ತೋಳು ಮಡಿಸಿದ.

"ನನ್ ಕೈಗೂ ಒಂದ್ಸಲ ಕಟ್ರಿ. ಮಷೀನ್ ಸರಿ ಐತೇನ ನೋಡಾಣ."

ದಿನೇಶ್ ಕಟ್ಟಿದ. ಪಾದರಸ ಏರಿತು, ಇಳಿಯುವಾಗ ಎಲ್ಲಿ ನಿಲ್ಲಬಾರದೋ ಅಲ್ಲಿ ನಿಂತಿತು. ದಿನೇಶ್ ಇನ್ನೊಮ್ಮೆ ಏರಿಸಿದ. ಬೆವರಿದ.

"ನೂರಾ ತೊಂಬತ್ತು, ನೂರಾ ಹತ್ತು ತೋರಿಸ್ತೈತೆ ಸಾರ್," ಎಂದ ಮೆಲ್ಲಗೆ. "ನಿಮಗೇನಾದ್ರೂ ತಲೆಸುತ್ತು, ಗಿಲೆಸುತ್ತು…"

ಬಾಗಿಲ ಪರದೆಯ ಕೆಳಗೆ ಕೊಟ್ರವ್ವನ ಕಾಲು ಕಾಣುತ್ತಿತ್ತು. ಅವಳು ಹೊರಗೆ ಹೋಗಿರಲಿಲ್ಲ.

"ನಂಗ್ಯಾಕೆ ತಲೆಸುತ್ತು? ನಾನ್ ಗಟ್ಟಿ ಅದೀನಿ," ಎಂದ ಉಜ್ಜನಪ್ಪ. "ಮಷೀನ್‌ದೇ ದೋಷ ಇರ್ಬೇಕು."

"ಹೌದು ಸಾರ್. ನಂಗೂ ಹಂಗೇ ಅನ್ನಿಸ್ತು ಸಾರ್. ಇವತ್ತೇ ರಿಪೇರಿಗೆ ಕಳಿಸ್ತೀವಿ."

ಕಳಿಸಿಯೂ ಬಿಟ್ಟರು. ಎರಡು ದಿನದ ಮೇಲೆ ಉಜ್ಜನಪ್ಪ ತಲೆಗೆ ಟವಲ್ ಸುತ್ತಿಕೊಂಡು, ಹಳೆಯ ಅಂಗಿ ಹಾಕಿಕೊಂಡು, ಗುರುತು ಸಿಗದ ಹಾಗೆ ಕ್ಲಿನಿಕ್ಕಿನ ಬಾಗಿಲವರೆಗೆ ಹೋದ. ಬಾಗಿಲಿಗೆ ರಟ್ಟು ತೂಗುಹಾಕಿತ್ತು. 'ಮಷೀನ್ ರಿಪೇರಿಗೆ ಹೋಗಿರುವುದರಿಂದ ಬಿ.ಪಿ. ನೋಡಲಾಗುವುದಿಲ್ಲ. ನೋಡದೆ ಗುಳಿಗೆ ಕೊಡಲಾಗುವುದಿಲ್ಲ.' ರಟ್ಟಿನ ಕೆಳಗೆ ಆರು ಜನ ನಿಂತು ಮಷೀನು ಕೆಟ್ಟಿದೆ ಎಂದ ಪುಣ್ಯಾತ್ಮನನ್ನು ಬೈಯುತ್ತಿದ್ದರು. ಉಜ್ಜನಪ್ಪನೂ ಒಂದು ನಿಮಿಷ ನಿಂತು ಅವರ ಜೊತೆ ಬೈದು ಮನೆಗೆ ಬಂದ.

ಮನೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಕಾಯುತ್ತಿದ್ದ. ಪಾತ್ರೆ ಅಂಗಡಿ ಕೊಟ್ಟೂರೇಶ್. ಕೈಯಲ್ಲಿ ಹಾರ.

"ಆ ವೀಕ್ಷಕರು ಈ ತಿಂಗ್ಳು ಬರಾದಿಲ್ವಂತೆ, ಫೋನ್ ಬಂದಿತ್ತು," ಎಂದ ಕೊಟ್ಟೂರೇಶ್. "ಹಂಗಾದ್ರೆ ಸೋಮವಾರ ಬಂದು ಮಷೀನ್ ಪರೀಕ್ಷೆ ಮಾಡಿದೋರು ಯಾರು ಅಂತ ವಿಚಾರ್ಸಿದೆ. ನೀವು ಅಂತ ಗೊತ್ತಾತು."

ಉಜ್ಜನಪ್ಪ ಗೋಡೆಗೆ ಆತುಕೊಂಡ. ಸಿಕ್ಕಿಬಿದ್ದೆ, ಇನ್ನು ನಿಜ ಹೇಳಿ ಗುಳಿಗೆ ಕೇಳುವುದೇ ಸರಿ ಎಂದು ಬಾಯಿ ತೆರೆದ.

"ಯಜಮಾನ್ರೇ," ಎಂದು ಕೊಟ್ಟೂರೇಶ್ ಅವನ ಎರಡೂ ಕೈ ಹಿಡಿದುಕೊಂಡ. "ನಾನು ಮೂರು ವರ್ಷದಿಂದ ಕಾರ್ಯದರ್ಶಿ ಅದೀನಿ. ಆ ಕ್ಲಿನಿಕ್ಕಿಗೆ ಎಲ್ರೂ ಬರ್ತಾರೆ, ಬೇಡ್ತಾರೆ, ಹೋಗ್ತಾರೆ. ಏನೂ ಬೇಡ್ದೆ ಸುಮ್ನೆ ನೋಡಾಕೆ ಬಂದ ಮೊದಲ್ನೇ ಮನುಷ್ಯ ನೀವು. ಬಂದ ದಿನಾನೇ ಮಷೀನಿನ ದೋಷ ಹಿಡಿದ್ರಿ! ಮಿಲ್ಲಿನ ಶಿಸ್ತು ಅಂದ್ರೆ ಅದು. ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿ ಮಾಡಿದ್ದೀವಿ. ನೀವು ಅಧ್ಯಕ್ಷರು. ಬ್ಯಾಡ ಅನ್ಬ್ಯಾಡ್ರಿ."

ಹಾರ ಬಿತ್ತು. ಜಿಲ್ಲಾ ಮಟ್ಟದ ಸಮಿತಿ ಎಂದರೆ ಆ ಒಂದು ರೇಷನ್ ಡಿಪೋದ ಸಮಿತಿ. ಹೊಸ ಜಿಲ್ಲೆಯಲ್ಲಿ ಅದಕ್ಕಿಂತ ಕಡಿಮೆ ಮಟ್ಟದ್ದು ಯಾವುದೂ ಇರಲಿಲ್ಲ.

ಕೊಟ್ಟೂರೇಶ್ ಹೋದ ಮೇಲೆ ಶಕುಂತಲಮ್ಮ ಅಡುಗೆಮನೆಯಿಂದ ಬಂದಳು. ಗಂಡನ ಕೊರಳು ನೋಡಿದಳು, ಅಂಗೈ ನೋಡಿದಳು.

"ಗುಳಿಗೆ ತರ್ರಿ ಅಂದ್ರೆ ಹಾರ ತಂದೀರಿ. ಇದನ್ನ ಊಟ ಆದ್ಮೇಲೆ ತಗಾಬೇಕಾ, ಮುಂಚೇನಾ?"

ಸುದ್ದಿ ಬೀದಿಗೆ ಹಬ್ಬಿತು. ಹಾಲು ಹಾಕುವವಳು ಸೊಂಟ ತೋರಿಸಿದಳು. ಎದುರುಮನೆಯವರು ಇಷ್ಟು ವರ್ಷ ಮಾತಾಡಿಸದಿದ್ದವರು ತಮ್ಮ ಅತ್ತೆಯ ಎಕ್ಸ್‌ರೇ ತಂದು ಬಿಸಿಲಿಗೆ ಹಿಡಿದರು. ಉಜ್ಜನಪ್ಪ ಪ್ರತಿಯೊಬ್ಬರಿಗೂ "ನೋಡಾಣ" ಎಂದ. ಅವನ ಭಾಷೆಯಲ್ಲಿ ಈಗ ಅದೊಂದೇ ಕ್ರಿಯಾಪದ ಉಳಿದಿತ್ತು.

ಸುದ್ದಿ ಬೀದಿಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಅದು ಬಸ್ಸು ಹತ್ತಿ ಕೊಕ್ಕನೂರಿಗೆ ಹೋಯಿತು. ಅಲ್ಲಿ ಶಕುಂತಲಮ್ಮನ ತಮ್ಮ ಬಕ್ಕೇಶ್ ಇದ್ದ. ಮುಂದಿನ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೈಲರಿನಿಂದ ಇಪ್ಪತ್ಮೂರು ಜನ ಇಳಿದರು. ಎಲ್ಲರಿಗಿಂತ ಮುಂದೆ ಬಕ್ಕೇಶ್, ಹೆಗಲ ಮೇಲೆ ಶಾಲು.

"ನಮ್ ಭಾವ ಅಧ್ಯಕ್ಷ್ರು," ಎಂದ ಸುಧಾಳಿಗೆ. "ಊರಿನೋರು ಇವ್ರೆಲ್ಲ. ಲೈನಿಗೀನು ಬ್ಯಾಡ."

"ಏನ್ ಕಾಯಿಲೆ ಇವ್ರಿಗೆ?"

"ಕಾಯಿಲೆ ಏನಿಲ್ಲ. ಬಂದ್ಮೇಲೆ ಗೊತ್ತಾಗ್ತೈತೆ ಅಂತ ಬಂದಾರೆ."

ಮೂವರ ಬೆರಳಲ್ಲಿ ಚಿನ್ನದ ಉಂಗುರವಿತ್ತು. ಒಬ್ಬನಿಗೆ ಇಪ್ಪತ್ತೆಕರೆ ಗದ್ದೆ ಇತ್ತು, ಅವನು ಅದನ್ನು ತಾನಾಗಿ ಹೇಳಿಕೊಂಡ. ಇನ್ನೊಬ್ಬ ದಿನೇಶನ ಮುಂದೆ ಕೂತು ಎರಡು ನಿಮಿಷ ತನ್ನ ಬೇನೆ ವರ್ಣಿಸಿದ. ಮೇವು ಸೇರುತ್ತಿಲ್ಲ, ಹಾಲು ಕಡಿಮೆಯಾಗಿದೆ ಎಂಬಲ್ಲಿಗೆ ಬಂದಾಗ ದಿನೇಶ್ ಪೆನ್ನು ಕೆಳಗಿಟ್ಟ.

"ಯಾರಿಗ್ರಿ?"

"ಎಮ್ಮೆಗೆ."

ಅವತ್ತು ಭಟ್ಟಿಯವರು, ಹಮಾಲರು, ಮಿಲ್ಲಿನವರು ಎಲ್ಲ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ಚೀಟಿ ಸಿಗದೆ ಹಿಂತಿರುಗಿದರು. ಹೋಗುವಾಗ ಕೊಟ್ರವ್ವ ಬಾಗಿಲಲ್ಲಿ ನಿಂತು, "ಮಿಲ್ ಗೇಟ್ನಾಗೂ ಹೊರಗೇ ನಿಲ್ಸಿದ್ರಿ, ಇಲ್ಲೂ ಹೊರಗೇ ನಿಲ್ಸಿದ್ರಿ. ಒಂದೇ ಕೈಗುಣ ನಿಮ್ದು," ಎಂದು ಕೂಗಿ ಹೇಳಿದಳು. ಉಜ್ಜನಪ್ಪ ಅಧ್ಯಕ್ಷರ ಕುರ್ಚಿಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. ಅವನ ತಲೆ ನಿಜವಾಗಿಯೂ ಸುತ್ತುತ್ತಿತ್ತು. ನೋಡಿದವರು ಆಲೋಚನೆ ಮಾಡುತ್ತಿದ್ದಾರೆ ಎಂದುಕೊಂಡರು.

ಅಂದೇ ಸಂಜೆ ತುರ್ತು ಸಭೆ ನಡೆಯಿತು. ಸಭೆಯಲ್ಲಿ ಇದ್ದವರು ಮೂವರು, ಬಿಸ್ಕತ್ತು ಎರಡು.

"ಬಡವ್ರು ಯಾರು ಅಂತ ಹೆಂಗೆ ಕಂಡ್ಹಿಡಿಯೋದು?" ಎಂದ ಕೊಟ್ಟೂರೇಶ್. "ಮುಖ ನೋಡಿದ್ರೆ ಎಲ್ರೂ ಬಡವ್ರೇ. ಉಂಗುರ ತೆಗ್ದು ಜೇಬ್ನಾಗೆ ಹಾಕ್ಕಂಡ್ರೆ ಮುಗೀತು. ಹಸಿರು ಕಾರ್ಡ್ ಅಂತ ಮಾಡಿಬಿಡಾಣ. ರೇಷನ್ನಿನ ಹಸಿರು ಕಾರ್ಡ್ ಇದ್ದೋರಿಗೆ ಮಾತ್ರ ಚೀಟಿ. ಅಧ್ಯಕ್ಷರು ಏನಂತೀರಿ?"

ಅಧ್ಯಕ್ಷರಿಗೆ ಹಸಿರು ಕಾರ್ಡ್ ಇರಲಿಲ್ಲ. ಹಿಂದಿನ ವರ್ಷ ಕಾರ್ಡಿನ ಪಟ್ಟಿ ಮಾಡಲು ಮನೆಗೆ ಬಂದವನನ್ನು ಅವನು ಇದೇ ಇಸ್ತ್ರಿ ಜುಬ್ಬದಲ್ಲಿ ಎದುರುಗೊಂಡು, "ನಾವೇನು ಬಡವ್ರಲ್ಲ, ಹಂಗಂತ ಬರ್ಕಳ್ರಿ," ಎಂದಿದ್ದ. ಬಂದವನು ಹಾಗೇ ಬರೆದುಕೊಂಡಿದ್ದ.

"ಸ್ವಲ್ಪ ನೋಡಾಣ," ಎಂದ ಉಜ್ಜನಪ್ಪ. "ಕಾರ್ಡ್ ಇಲ್ದ ಬಡವ್ರೂ ಇರ್ತಾರೆ."

"ಅಂಥೋರು ಯಾರಾದ್ರೂ ಗೊತ್ತಾ ನಿಮಗೆ? ಹೆಸರು ಹೇಳ್ರಿ, ಬರ್ಕಳಾಣ."

ದಿನೇಶ್ ಬಿಸ್ಕತ್ತು ಕಡಿಯುವುದನ್ನು ನಿಲ್ಲಿಸಿ ಅಧ್ಯಕ್ಷರ ಮುಖ ನೋಡಿದ. ಕೊಟ್ಟೂರೇಶ್ ಪೆನ್ನಿನ ಟೊಪ್ಪಿ ತೆಗೆದು ಹಿಡಿದುಕೊಂಡ.

"ನಂಗ್ ಗೊತ್ತಿರೋರಲ್ಲಿ ಯಾರೂ ಇಲ್ಲ," ಎಂದ ಉಜ್ಜನಪ್ಪ. ಸಹಿ ಹಾಕಿದ. ಮಾರನೆಯ ದಿನ ಆ ಸಹಿ, ಏಳು ದಿನದ ನೋಟಿಸ್ ಇಲ್ಲದೆ ರೂಲ್ಸು ಬದಲಿಸುವಂತಿಲ್ಲ ಎಂಬ ಸಾಲಿನ ಕೆಳಗೆ, ಸುಧಾಳ ತಲೆಯ ಮೇಲೆ ಗೋಡೆಗೆ ಏರಿತು.

ಮಷೀನು ಮಾತ್ರ ಬರಲಿಲ್ಲ. ಹರಿಹರದ ರಿಪೇರಿಯವನಿಗೆ ಪತ್ರ ಹಾಕಿದರೆ 'ನೋಡುತ್ತಿದ್ದೇವೆ' ಎಂದು ಉತ್ತರ ಬಂತು. ಏಳನೇ ವಾರ ಕೊಟ್ಟೂರೇಶ್ ಬಂದು, "ಅಧ್ಯಕ್ಷರೇ ಹೋಗಿ ಸ್ವಲ್ಪ ಜಬರ್ದಸ್ತ್ ಮಾಡಿ ತಂದ್ರೆ ಆಗ್ತೈತೆ," ಎಂದ. ಉಜ್ಜನಪ್ಪ ಬಸ್ಸು ಹತ್ತಿದ. ಸೀಟು ಸಿಕ್ಕಿತು, ಆದರೆ ಕಿಟಕಿಯ ಹೊರಗಿನ ಗದ್ದೆಗಳು ಒಂದೇ ಕಡೆಗೆ ಓಡುತ್ತಿರಲಿಲ್ಲ. ಎರಡು ಸಲ ಅವು ಮೇಲಕ್ಕೂ ಹೋದವು. ಎಡಗೈ ಜುಮ್ಮೆನ್ನುತ್ತಿತ್ತು. ಆ ಕೈಯನ್ನು ಬಲಗೈಯಿಂದ ಹಿಡಿದುಕೊಂಡು ಹರಿಹರದಲ್ಲಿ ಇಳಿದ.

ರಿಪೇರಿಯ ಹಿದಾಯತ್‌ನ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗಿತ್ತು. ಗಡಿಯಾರ, ತಕ್ಕಡಿ, ಮಷೀನು ಎಂದು ಬೋರ್ಡು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅವನು ತಲೆ ಎತ್ತಿದ.

"ದಾವಣಗೆರೆ ಟ್ರಸ್ಟಿಂದಾ? ಬರ್ರಿ, ಬರ್ರಿ. ನಿಮ್ ಮಷೀನ್ ನನ್ ತಲೆ ತಿಂದೈತೆ ಸಾಹೇಬ್ರ. ಕೆಟ್ಟಿರೋ ಮಷೀನ್ ರಿಪೇರಿ ಮಾಡಿಬಿಡಬೋದು. ಕೆಡದೇ ಇರೋದನ್ನ ಹೆಂಗ್ ಮಾಡ್ಲಿ?"

"ಅದು ಹೆಚ್ಚಿಗೆ ತೋರಿಸ್ತೈತೆ," ಎಂದ ಉಜ್ಜನಪ್ಪ ಅಧ್ಯಕ್ಷರ ದನಿಯಲ್ಲಿ.

"ಯಾರ್ ಹೇಳಿದ್ದು?"

"ಸಮಿತಿ."

ಹಿದಾಯತ್ ತನ್ನ ತೋಳಿಗೆ ಪಟ್ಟಿ ಕಟ್ಟಿಕೊಂಡು ಏರಿಸಿ ತೋರಿಸಿದ. ನೂರಾ ಇಪ್ಪತ್ತು. ಚಹಾ ತಂದಿಟ್ಟವನಿಗೆ ಕಟ್ಟಿದ. ನೂರಾ ಹದಿನೆಂಟು. ಬೀಡಿ ಹಚ್ಚಲು ಬೆಂಕಿ ಕೇಳಲು ಬಂದ ಬಸ್ ಕಂಡಕ್ಟರನನ್ನು ಹಿಡಿದು ಕೂರಿಸಿ ಕಟ್ಟಿದ. ನೂರಾ ಮೂವತ್ತು. "ನಂದು ಯಾಕೆ ಜಾಸ್ತಿ?" ಎಂದು ಕಂಡಕ್ಟರ್ ಗಾಬರಿಯಾದ. "ಚಿಲ್ರೆ ಜಗಳ," ಎಂದ ಹಿದಾಯತ್. "ಹೂಂ ಸಾಹೇಬ್ರ, ನಿಮ್ ಕೈ ಕೊಡ್ರಿ."

"ನಂದ್ಯಾಕೆ?"

"ಸಮಿತಿಗೆ ನಂಬಿಕೆ ಬರ್ಬೇಕಲ್ಲ."

ಕೊಟ್ಟ. ಹಿದಾಯತ್ ಏರಿಸಿದ, ಇಳಿಸಿದ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು ಬರಿಗಣ್ಣಿನಿಂದ ಇನ್ನೊಮ್ಮೆ ನೋಡಿದ. ಕಂಡಕ್ಟರನೂ ಬಗ್ಗಿ ನೋಡಿ, "ಇನ್ನೂರಾ ಹತ್ತಕ್ಕೆ ನಿಂತೈತಲ್ಲೋ ಮಾರಾಯ," ಎಂದ. ಅವನ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅವನು ಹೋಗಲಿಲ್ಲ.

"ಮಷೀನ್ ಸರಿ ಐತ್ರಿ," ಎಂದ ಹಿದಾಯತ್. "ಕೆಟ್ಟಿರೋದು ನೀವು."

ಹಿದಾಯತ್ ರಸೀದಿ ಪುಸ್ತಕ ತೆಗೆದು, ಕಾರ್ಬನ್ ಇಟ್ಟು, ನಿಧಾನವಾಗಿ ಬರೆದ. 'ಮಷೀನ್ ಪರೀಕ್ಷಿಸಲಾಗಿದೆ. ದೋಷ ಇಲ್ಲ. ತಂದವರನ್ನು ಕೂಡಲೆ ರಿಪೇರಿ ಮಾಡಿಸುವುದು.' ಕೆಳಗೆ ಸೀಲು ಒತ್ತಿದ.

"ಇದ್ರಾಗೆ ನನ್ ಕೆಲ್ಸ ಏನೂ ಇಲ್ಲ, ಚಾರ್ಜ್ ಬ್ಯಾಡ," ಎಂದ. "ಸೀದಾ ಡಾಕ್ಟ್ರ ಹತ್ರ ಹೋಗ್ರಿ. ದಾರ್ಯಾಗೆ ಸಭೆಗಿಬೆ ಮಾಡ್ಬ್ಯಾಡ್ರಿ."

ಕಂಡಕ್ಟರ್ ಅವನನ್ನು ತೋಳು ಹಿಡಿದು ತನ್ನ ಬಸ್ಸಿಗೆ ಹತ್ತಿಸಿ, ಮುಂದಿನ ಸೀಟಿನವನನ್ನು ಎಬ್ಬಿಸಿ ಕೂರಿಸಿದ. ಉಜ್ಜನಪ್ಪ ಮಷೀನನ್ನು ತೊಡೆಯ ಮೇಲೆ ಇಟ್ಟುಕೊಂಡು ದಾವಣಗೆರೆಗೆ ಬಂದ. ಗಾಂಧಿ ಸರ್ಕಲ್ಲಿನಿಂದ ಕ್ಲಿನಿಕ್ಕಿನವರೆಗೆ ನಡೆಯುವುದರಲ್ಲಿ ಮೂರು ಕಡೆ ಕೂತ. ಬಾಗಿಲಿಗೆ ಬಂದಾಗ ಮಧ್ಯಾಹ್ನದ ಕೊನೆಯ ಐದಾರು ಜನ ಬೆಂಚಿನ ಮೇಲಿದ್ದರು. ಅವನು ಬಗ್ಗಿ ಚಪ್ಪಲಿ ಬಿಟ್ಟ.

ಸುಧಾ ಎದ್ದು ಕುರ್ಚಿ ಒರೆಸಿದಳು.

"ಬ್ಯಾಡವ್ವ," ಎಂದ ಉಜ್ಜನಪ್ಪ. "ತೋರ್ಸಾಕೆ ಬಂದೀನಿ."

ಸುಧಾ ಅವನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಯಾರಿಗ್ ತೋರ್ಸ್ಬೇಕು ಸಾರ್? ಬೆಂಗ್ಳೂರಿನೋರು ಬಂದ್ರಾ? ಎರಡ್ ನಿಮಿಷ ತಡೀರಿ, ಕಸ ಹೊಡಿಸ್ತೀನಿ."

"ಯಾರೂ ಬಂದಿಲ್ಲ. ಡಾಕ್ಟ್ರಿಗೆ ತೋರ್ಸಾಕೆ."

"ಏನನ್ನ?"

"ನನ್ನ."

ಬೆಂಚಿನ ಮೇಲೆ ಕೆಮ್ಮು ನಿಂತಿತು. ಉಜ್ಜನಪ್ಪ ಮಷೀನನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಹಿದಾಯತ್‌ನ ರಸೀದಿ ಇಟ್ಟ. ಸುಧಾ ಓದಿದಳು, ಇನ್ನೊಮ್ಮೆ ಓದಿದಳು. ಬೆಳಿಗ್ಗೆಯಿಂದ ಅವಳು ಎಪ್ಪತ್ತೆರಡು ಹೆಸರು ಬರೆದಿದ್ದಳು. ನಗುವ ಚೈತನ್ಯ ಉಳಿದಿರಲಿಲ್ಲ. ಚೀಟಿಯೊಂದನ್ನು ಹರಿದು, ಅಭ್ಯಾಸದಂತೆ ಕೈ ಚಾಚಿದಳು.

"ಹಸಿರು ಕಾರ್ಡ್ ಕೊಡ್ರಿ."

"ನನ್ ಹತ್ರ ಇಲ್ಲ."

ಸುಧಾ ತಲೆ ಎತ್ತದೆ ಪೆನ್ನಿನಿಂದ ಗೋಡೆ ತೋರಿಸಿದಳು. ಅಲ್ಲಿ ಅವನ ಸಹಿ ಇತ್ತು. ದೊಡ್ಡದಾಗಿಯೇ ಇತ್ತು.

"ನಾನು ಅಧ್ಯಕ್ಷ ಅದೀನಿ, ಅದನ್ನ ರದ್ದು ಮಾಡ್ತೀನಿ."

"ರದ್ದು ಮಾಡಾಕೆ ಸಭೆ ಕರೀಬೇಕು ಸಾರ್. ಏಳು ದಿನದ ನೋಟಿಸ್. ನೀವೇ ಮಾಡಿದ ರೂಲ್ಸು. ನಿನ್ನೆ ಒಬ್ಬಾಕಿ ಕೂಸು ಎತ್ಕಂಡ್ ಅಳ್ತಾ ನಿಂತ್ರೂ ನಾನ್ ಕಳ್ಸಿದೀನಿ. ಇವತ್ ನಿಮಗ್ ಬರೆದ್ರೆ ನಾಳೆ ಆಕಿ ಮುಖ ಹೆಂಗ್ ನೋಡ್ಲಿ?"

ಉಜ್ಜನಪ್ಪ ಬೆಂಚಿನ ತುದಿಯಲ್ಲಿ, ಸಿಕ್ಕಷ್ಟು ಜಾಗದಲ್ಲಿ ಕುಸಿದು ಕೂತ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ಪಕ್ಕದಲ್ಲಿ ಕೊಟ್ರವ್ವ ಇದ್ದಳು. ಅವಳು ಸ್ವಲ್ಪ ಹೊತ್ತು ಆ ಕೈಯನ್ನು ನೋಡಿದಳು. ಆಮೇಲೆ ಮಂಡಕ್ಕಿ ಚೀಲಕ್ಕೆ ಕೈ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಸಿರು ಕಾರ್ಡ್ ತೆಗೆದು ಸುಧಾಳ ಮುಂದೆ ಒಗೆದಳು.

"ಎರಡನೇ ಹೆಸರು ನೋಡವ್ವ. ನನ್ ಗಂಡ. ಇನ್ನೂ ಹೊಡೆದ್ ಹಾಕಿಲ್ಲ, ರೇಷನ್ನಿನೋರ ಲೆಕ್ಕದಾಗೆ ಬದುಕ್ಯಾನೆ. ಅವ್ನ ಹೆಸರಿಗೆ ಬರಿ."

"ಬಂಗಾರಪ್ಪ," ಎಂದು ಓದಿದಳು ಸುಧಾ. "ವಯಸ್ಸು ಐವತ್ತೆಂಟು." ಉಜ್ಜನಪ್ಪನ ಕಡೆ ನೋಡಿದಳು. ವಯಸ್ಸು ಸರಿಹೋಗುತ್ತಿತ್ತು. ಕಾರ್ಡಿತ್ತು, ಕಾರ್ಡಿನಲ್ಲಿ ಹೆಸರಿತ್ತು, ಹೆಸರಿಗೊಬ್ಬ ಮನುಷ್ಯ ಎದುರಿಗೆ ಕೂತಿದ್ದ. ರೂಲ್ಸಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿರಲಿಲ್ಲ. ಬರೆದಳು.

"ಬಂಗಾರಪ್ಪ!" ಎಂದು ಒಳಗಿನಿಂದ ದಿನೇಶ್ ಕೂಗಿದ. ಯಾರೂ ಏಳಲಿಲ್ಲ. "ಬಂಗಾರಪ್ಪ!"

ಕೊಟ್ರವ್ವ ಮೊಣಕೈಯಿಂದ ತಿವಿದಳು. "ಏಳ್ರಿ. ಮೂರನೇ ಸಲ ಕೂಗಿದ್ರೆ ಲೇಟ್ ಹಾಕ್ತಾರೆ."

ದಿನೇಶ್ ಬಂದವನ ಮುಖ ನೋಡಿದ, ಚೀಟಿ ನೋಡಿದ, ರಸೀದಿ ನೋಡಿದ. ಏನೋ ಕೇಳಬೇಕೆಂದು ಬಾಯಿ ತೆರೆದವನು ಆಕಳಿಸಿದ. "ಬಂಗಾರಪ್ಪನೋ ಇನ್ನೊಬ್ಬನೋ, ಕೈ ಚಾಚ್ರಿ," ಎಂದ. ಪಟ್ಟಿ ಕಟ್ಟಿ ನೋಡಿದ ಮೇಲೆ ಮಾತ್ರ ಅವನ ನಿದ್ದೆ ಹಾರಿತು. ಒಂದು ಗುಳಿಗೆಯನ್ನು ಅಲ್ಲೇ ನುಂಗಿಸಿ, ಎರಡು ಗಂಟೆ ಮಲಗಿಸಿ, ಬಯ್ಯುವುದನ್ನೆಲ್ಲ ಬಯ್ದ. "ಆವತ್ತೇ ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ರಿ? ಇನ್ನೊಂದ್ ವಾರ ಬಿಟ್ಟಿದ್ರೆ ನಿಮ್ಮನ್ನ ನೋಡಾಕೆ ಜನ ಬರ್ತಿದ್ರು."

ಮನೆಯಲ್ಲಿ ಶಕುಂತಲಮ್ಮ ಕಾಗದದ ಪೊಟ್ಟಣವನ್ನು ಬೆಳಕಿಗೆ ಹಿಡಿದು ಓದಿದಳು.

"ಬಂಗಾರಪ್ಪ ಅಂದ್ರೆ ಯಾರ್ರಿ?"

"ನಾನು," ಎಂದು ಉಜ್ಜನಪ್ಪ ನೀರು ಕುಡಿದ. ನೀರು ಎಡಗಡೆಯಿಂದಲೂ ಸೋರಲಿಲ್ಲ, ಬಲಗಡೆಯಿಂದಲೂ ಸೋರಲಿಲ್ಲ. ಶಕುಂತಲಮ್ಮ ಅಷ್ಟನ್ನು ನೋಡಿಕೊಂಡು, ಉಳಿದದ್ದನ್ನು ಕೇಳದೆ ಒಳಗೆ ಹೋದಳು.

ಹಸಿರು ಕಾರ್ಡಿನ ರೂಲ್ಸನ್ನು ಏಳು ದಿನದ ನೋಟಿಸ್ ಕೊಟ್ಟು ಮುಂದಿನ ಸಭೆಯಲ್ಲಿ ತೆಗೆದರು. ಕೂಸು ಎತ್ತಿಕೊಂಡು ಬಂದವಳಿಗೆ ಚೀಟಿ ಸಿಕ್ಕಿತು. ಆದರೆ ಒಮ್ಮೆ ತೆರೆದ ರೋಗಿಯ ದಾಖಲೆಯಲ್ಲಿ ಹೆಸರು ತಿದ್ದಲು ಬರುವುದಿಲ್ಲ ಎಂದು ಸುಧಾ ಹೇಳಿದಳು; ತಿದ್ದಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಹೀಗಾಗಿ ಎರಡು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಉಜ್ಜನಪ್ಪ ಚಪ್ಪಲಿ ಬಿಟ್ಟು ಬಂಗಾರಪ್ಪನಾಗಿ ತೋರಿಸಿಕೊಳ್ಳುತ್ತಿದ್ದ. ತಿಂಗಳ ಕೊನೆಗೆ ಚಪ್ಪಲಿ ಹಾಕಿಕೊಂಡು ಅಧ್ಯಕ್ಷನಾಗಿ ನೋಡುತ್ತಿದ್ದ. ಬಂಗಾರಪ್ಪನ ಆರೋಗ್ಯ ಸತ್ತ ಮೇಲೆ ದಿನದಿಂದ ದಿನಕ್ಕೆ ಸುಧಾರಿಸಿತು. ನೂರಾ ಎಂಬತ್ತು, ನೂರಾ ಅರವತ್ತು, ನೂರಾ ನಲವತ್ತು.

ಬೆಂಗಳೂರಿನ ವೀಕ್ಷಕರು ಕೊನೆಗೂ ಬಂದದ್ದು ಆರು ತಿಂಗಳ ಮೇಲೆ. ಅವರನ್ನು ನೋಡಿದ ಕೂಡಲೆ ಗೊತ್ತಾಗಲಿಲ್ಲ. ಸಣ್ಣ ಮನುಷ್ಯ, ಮಾಸಲು ಪ್ಯಾಂಟು, ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ಸುಧಾ ಅವರನ್ನು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಎಲ್ಲ ಸೇರಿದರು. ಅಧ್ಯಕ್ಷ ಉಜ್ಜನಪ್ಪ ಇಸ್ತ್ರಿ ಜುಬ್ಬದಲ್ಲಿ ಅವರ ಪಕ್ಕ ಕೂತ. ವೀಕ್ಷಕರು ರಿಜಿಸ್ಟರು ತೆಗೆದು ಬೆರಳು ಓಡಿಸಿದರು, ಪುಟ ತಿರುಗಿಸಿದರು, ದಣಿದ ದನಿಯಲ್ಲಿ ಹೇಳಿದರು.

"ಎಲ್ಲ ಕಡೆಯೂ ಇದೇ ಕಥೆ. ಬಿ.ಪಿ. ರೋಗಿಗಳು ಎರಡು ಸಲ ಬರ್ತಾರೆ, ಬಿಡ್ತಾರೆ. ಹೇಳಿದ ದಿನ ಬರೋದಿಲ್ಲ." ಬೆರಳು ಒಂದು ಕಡೆ ನಿಂತಿತು. "ಆದರೆ ಇದೇನಿದು? ಈತ ಒಂದು ದಿನವೂ ತಪ್ಪಿಸಿಲ್ಲವಲ್ಲ. ಒಂಬತ್ತು ಅಂದರೆ ಒಂಬತ್ತು. ಒಂದು ನಿಮಿಷ ಹೆಚ್ಚಿಲ್ಲ. ಬಂಗಾರಪ್ಪ. ಇಂಥ ಶಿಸ್ತಿನ ಮನುಷ್ಯನನ್ನ ನಾನು ಎಲ್ಲೂ ನೋಡಿಲ್ಲ. ವರದಿಯಲ್ಲಿ ಬರೀತೀನಿ. ಅಧ್ಯಕ್ಷರು ಇಲ್ಲೊಂದು ಸಹಿ ಹಾಕಿ."

ಉಜ್ಜನಪ್ಪ ಸಹಿ ಹಾಕಿದ.

"ಎಲ್ಲಿದ್ದಾರೆ ಇವರು? ಇವತ್ತು ಸೋಮವಾರ ಅಲ್ಲವೇ, ಬರಬೇಕಿತ್ತಲ್ಲ. ಕರೆಸಿ, ಎರಡು ಮಾತಾಡಿಸ್ತೀನಿ."

ಸುಧಾ ರಿಜಿಸ್ಟರಿನ ರಟ್ಟು ನೋಡಿದಳು. ದಿನೇಶ್ ಸೂರು ನೋಡಿದ. ಉಜ್ಜನಪ್ಪ ಗೋಡೆಯ ಮೇಲಿನ 'ಸಕ್ಕರೆ ಬಂದಿಲ್ಲ' ಎಂಬುದನ್ನು ಮೊದಲಿನಿಂದ ಓದಿದ.

"ಅವ್ನು ಲೇಟ್ ಅದಾನ್ರಿ ಸಾಹೇಬ್ರ," ಎಂದಳು ಬೆಂಚಿನಿಂದ ಕೊಟ್ರವ್ವ.

ವೀಕ್ಷಕರು ಕೈಗಡಿಯಾರ ನೋಡಿಕೊಂಡರು.

"ಪರವಾಗಿಲ್ಲಮ್ಮ, ಕಾಯ್ತೀನಿ," ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಉಜ್ಜನಪ್ಪನ ಕೈ ತನ್ನಷ್ಟಕ್ಕೆ ತಾನೇ ಜೇಬಿನ ಪೆನ್ನಿಗೆ ಹೋಯಿತು.